ಮಂಗಳವಾರದ ಕೊಸರು

ನಾನು ಹೆದರುಪುಕ್ಕಲ ಎಂದು ಹೇಳಿಕೊಳ್ಳಲು ನನಗೆ ಹೆದರಿಕೆಯಿಲ್ಲ. ಬಹುಶಃ ಹೆದರದೆ ನಾನು ಮಾಡುವ ಕೆಲಸ ಇದೊಂದೇ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅದು ತಾನಾಗಿ ಸುಮ್ಮನಾಗುವವರೆಗೆ ದೂರ ನಿಂತು ನೋಡುತ್ತೇನೆ. ಒಮ್ಮೆ ಕೆ.ಆರ್. ಪೇಟೆ ಬಸ್ಸು ಹತ್ತಿ ಕೂತ ಮೇಲೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿ, ಮುಂದಿನ ಸ್ಟಾಪಿನಲ್ಲಿ ಇಳಿದು, ಬಿಸಿಲಲ್ಲಿ ಏದುಸಿರು ಬಿಡುತ್ತಾ ಓಡಿ ಬಂದೆ. ಬಾಗಿಲು ಹಾರುಹೊಡೆದಿತ್ತು. ಒಳಗೆ ನನ್ನ ಹೆಂಡತಿ ಸರೋಜ ಕೂತು ಸೊಪ್ಪು ಬಿಡಿಸುತ್ತಿದ್ದಳು. "ನಾನ್ ಒಳಗೇ ಇದೀನಲ್ಲ, ಬೀಗ ಯಾಕ್ರೀ ಹಾಕ್ತಿದ್ರಿ?" ಎಂದಳು. ನೀರು ಕುಡಿದು ಮುಂದಿನ ಬಸ್ಸಿಗೆ ಹೋದೆ. ಬೆಂಕಿಯೊಂದಕ್ಕೆ ಮಾತ್ರ ನಾನು ಹೆದರಿದವನಲ್ಲ. ಮೂವತ್ತು ವರ್ಷ ಪೇಟೆಯ ಒಂದು ಚಿಕ್ಕ ಮಳಿಗೆಯಲ್ಲಿ ಅಕ್ಕಸಾಲಿ ಕೆಲಸ ಮಾಡಿದವನು, ಉರಿಯ ಮುಂದೆ ಮೂಗಿಟ್ಟುಕೊಂಡೇ ಬದುಕಿದವನು. ನಾನು ಹೆದರುವುದು ಮನುಷ್ಯರಿಗೆ. ಅದರಲ್ಲೂ ಎದುರಿಗೆ ನಿಂತು ನನ್ನ ಕೈಯನ್ನೇ ನೋಡುವ ಮನುಷ್ಯರಿಗೆ.

ಇದು ನಮ್ಮ ಮನೆತನದ ಆಸ್ತಿ. ಅಕ್ಕಸಾಲಿಯ ಕೈಗೆ ಚಿನ್ನ ಕೊಟ್ಟವರು ಅವನ ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. ಕೆಲಸ ಮುಗಿಯುವವರೆಗೂ ಕಣ್ಣು ಮಿಟುಕಿಸುವುದಿಲ್ಲ. ನಾನು ಚಿಕ್ಕವನಿದ್ದಾಗ ಅಪ್ಪ ತಕ್ಕಡಿಯ ಮುಂದೆ ಕೂರಿಸಿಕೊಂಡು ಹೇಳಿದ್ದು ಒಂದೇ ಪಾಠ: "ಒಂದು ಗುಲಗಂಜಿ ಕಮ್ಮಿ ಆದ್ರೆ ಕಳ್ಳ ಅಂತಾರೆ. ಒಂದು ಗುಲಗಂಜಿ ಎಚ್ಗೆ ಆದ್ರೆ ಇನ್ಯಾರ್ದೋ ಕದ್ದು ಇದಕ್ಕಾಕವ್ನೆ ಅಂತಾರೆ. ಮುಳ್ಳು ನೆಟ್ಟಗೆ ನಿಲ್ಬೇಕು ಕಣ್ಲಾ." ಅಂದಿನಿಂದ ನನ್ನ ಬದುಕಿನ ಮುಳ್ಳು ನೆಟ್ಟಗೆ ನಿಂತಿದೆ. ಒಮ್ಮೆ ಗಿರಾಕಿಯೊಬ್ಬರ ಮೂಗುಬೊಟ್ಟಿನ ಹರಳು ಕಾಣೆಯಾಗಿ ಎರಡು ದಿನ ಅಂಗಡಿಯ ನೆಲವನ್ನೆಲ್ಲ ಕುಂಚದಲ್ಲಿ ಗುಡಿಸಿ, ಆ ದೂಳನ್ನು ಜರಡಿ ಹಿಡಿದು, ಅನ್ನ ನೀರು ಬಿಟ್ಟು ಹುಡುಕಿದ್ದೆ. ಮೂರನೆಯ ದಿನ ಅದು ನನ್ನ ಅಂಗಿಯ ಜೇಬಿನಿಂದಲೇ ಬಿತ್ತು. ಸಿಕ್ಕ ಸಂತೋಷಕ್ಕಿಂತ ಹೆಚ್ಚಾಗಿ, ಜೇಬಿನಿಂದ ಬಿದ್ದದ್ದನ್ನು ಯಾರಾದರೂ ನೋಡಿದರೇನೋ ಎಂಬ ಭಯಕ್ಕೆ ಅವತ್ತು ಜ್ವರವೇ ಬಂತು. ಇಂಥವನು ಕಣ್ಣು ಮಂಜಾಗಿ, ಪೇಟೆಯ ಮಳಿಗೆ ಮುಚ್ಚಿ, ಬೂಕನಕೆರೆ ಮಗ್ಗುಲಿನ ನಮ್ಮ ಪುಟ್ಟ ಊರಿಗೆ ಬಂದು ಸುಮ್ಮನೆ ಕೂರಬೇಕಿತ್ತು. ಕೂರಲು ಬಿಡಲಿಲ್ಲ ನಮ್ಮ ಊರಂಗಡಿ.

ಊರಂಗಡಿಯೆಂದರೆ ಊರಿನ ಒಂದೇ ಒಂದು ಅಂಗಡಿ. ಮೊದಲು ಅದನ್ನು ನಡೆಸುತ್ತಿದ್ದ ಶೆಟ್ಟರು ಪಾಂಡವಪುರದಲ್ಲಿ ದೊಡ್ಡ ಮಳಿಗೆ ಹಿಡಿದು ಹೊರಟುಹೋದರು. ಹೋದ ಮರುದಿನವೇ ಊರಿಗೆ ಉಪ್ಪಿನ ಬೆಲೆ ಗೊತ್ತಾಯಿತು. ಬೆಂಕಿಪೊಟ್ಟಣ ಬೇಕೆಂದರೂ ಬೂಕನಕೆರೆಗೆ ಹೋಗಬೇಕು. ಕಾಲಿದ್ದವರು ಹೋದರು, ಬೈಕಿದ್ದವರು ಹೋದರು, ಮೊಣಕಾಲು ಹಿಡಿದ ಮುದುಕಿಯರು ಟೀ ಸೊಪ್ಪಿಲ್ಲದೆ ಬಿಸಿನೀರಿಗೆ ಬೆಲ್ಲ ಹಾಕಿ ಕುಡಿದರು. ಆಗ ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಶಿವಣ್ಣ ಒಂದು ಉಪಾಯ ಹೂಡಿದ. ಊರವರೇ ಸೇರಿ ಸಾಮಾನು ತರುವುದು, ಏಳು ಜನ ವಾರಕ್ಕೊಂದೊಂದು ದಿನ ಸಂಬಳವಿಲ್ಲದೆ ಅಂಗಡಿಯಲ್ಲಿ ಕೂರುವುದು. ಪುಟ್ಟೇಗೌಡರು ತಮ್ಮ ಮನೆಯ ಎದುರಿಗಿದ್ದ ಕೋಣೆಯನ್ನು ಪುಕ್ಕಟೆ ಕೊಟ್ಟರು. ಆ ಕೋಣೆಯಲ್ಲಿ ಅವರು ಮೇವು ಕತ್ತರಿಸುವ ಮಿಷನ್ನು ನಿಲ್ಲಿಸಬೇಕೆಂದಿದ್ದರು. ಊರಿಗಾಗಿ ಅದನ್ನು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದಿಸಿ ಮಲಗಿಸಿದರು. ಆರು ದಿನಕ್ಕೆ ಆರು ಜನ ಸಿಕ್ಕರು. ಮಂಗಳವಾರಕ್ಕೆ ಯಾರೂ ಸಿಗಲಿಲ್ಲ. ಶಿವಣ್ಣ ನಮ್ಮ ಮನೆಗೆ ಬಂದು, "ಆಚಾರ್ರೇ, ತೂಕ ಅಂದ್ರೆ ನೀವು, ನೀವು ಅಂದ್ರೆ ತೂಕ. ಇಲ್ಲ ಅನ್ಬ್ಯಾಡಿ" ಎಂದ. ಇಲ್ಲ ಎನ್ನಲು ನನಗೆ ಹೆದರಿಕೆ. ಒಪ್ಪಿಕೊಂಡೆ.

ಮಂಗಳವಾರ ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದು, ದೀಪ ಹಚ್ಚಿ, ಮೊದಲು ಕರೆಂಟಿನ ತಕ್ಕಡಿಯನ್ನು ನನ್ನ ಹಳೆಯ ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟು ಪರೀಕ್ಷೆ ಮಾಡುತ್ತಿದ್ದೆ. ಅಂಗಡಿಯಲ್ಲಿ ನನಗಿದ್ದ ಮಹಾ ಭಯಗಳಲ್ಲಿ ಆ ತಕ್ಕಡಿಯೂ ಒಂದು. ಕೆಂಪು ಅಂಕಿಗಳು ಇನ್ನೂರ ಐವತ್ತಕ್ಕೂ ಇನ್ನೂರ ಐವತ್ತೊಂದಕ್ಕೂ ನಡುವೆ ಕಣ್ಣು ಹೊಡೆಯುತ್ತಿದ್ದರೆ ನನ್ನ ಪ್ರಾಣ ಬಾಯಿಗೆ ಬರುತ್ತಿತ್ತು. ಒಂದು ಚಿಟಿಕೆ ತೊಗರಿಬೇಳೆ ತೆಗೆದರೆ ಇನ್ನೂರ ನಲವತ್ತೊಂಬತ್ತು, ಹಾಕಿದರೆ ಐವತ್ತೊಂದು. ಕೊನೆಗೆ ಒಂದು ಅರೆಬೇಳೆ ಹುಡುಕಿ, ಚಿನ್ನದ ಕೆಲಸದ ಚಿಮಟದಲ್ಲಿ ಹಿಡಿದು ಹಾಕಿ, ಅಂಕಿ ನಿಂತ ಮೇಲೆ ಉಸಿರು ಬಿಡುತ್ತಿದ್ದೆ. ಬೆಲ್ಲದ ಅಚ್ಚನ್ನು ಉಳಿಯಿಂದ ಸೀಳಿ, ತೂಕಕ್ಕೆ ಬರುವವರೆಗೂ ಚೂರು ಚೂರೇ ಕೆತ್ತಿ, ಬಿದ್ದ ಪುಡಿಯನ್ನು ಕುಂಚದಲ್ಲಿ ಗುಡಿಸಿ ಡಬ್ಬಿಗೇ ವಾಪಸು ಹಾಕುತ್ತಿದ್ದೆ. ಒಂದು ಸಲ ಜವರಮ್ಮ ನೂರು ಗ್ರಾಂ ಕಡಲೆಬೀಜ ಕೇಳಿದರು. ಕೋಲೂರಿಕೊಂಡು ನಾಲ್ಕು ಮನೆ ದಾಟಿ ಬರುವಷ್ಟರಲ್ಲೇ ಸುಸ್ತಾಗುವ ಮುದುಕಿ ಅವರು; ಊರಂಗಡಿ ಇಲ್ಲದಿದ್ದರೆ ಅವರಿಗೆ ಅಂಗಡಿಯೇ ಇಲ್ಲ. ತಕ್ಕಡಿ ನೂರಾ ಒಂದು ತೋರಿಸಿತು. ನಾನು ಒಂದು ಬೀಜ ತೆಗೆದೆ. ನೂರಾಯಿತು. ಜವರಮ್ಮ ಆ ಬೀಜವನ್ನೇ ನೋಡಿದರು, ನಂತರ ನನ್ನನ್ನು ನೋಡಿದರು. ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಹೋದರು. ಎಂಥ ಕರಾರುವಾಕ್ಕು ಮನುಷ್ಯ ಎಂದು ಮೆಚ್ಚಿಕೊಂಡರು ಎಂದೇ ನಾನು ತಿಳಿದೆ.

ಬರಬರುತ್ತಾ ಮಂಗಳವಾರ ಜನ ಬರುವುದು ನಿಂತಿತು. ಸೋಮವಾರ ಸಂಜೆ ಅಂಗಡಿಯ ಮುಂದೆ ನೂಕುನುಗ್ಗಲು, ಬುಧವಾರ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಸಾಲು. ನಡುವೆ ನಾನು, ಅಕ್ಕಿಮೂಟೆ, ಮತ್ತು ಫೋನಿನಲ್ಲಿ ದುಡ್ಡು ಬಂದರೆ ಹೆಣ್ಣುದನಿಯಲ್ಲಿ ಕೂಗುವ ಆ ಡಬ್ಬಿ. ಮೊದಲು ಅದು ಕೂಗಿದಾಗಲೆಲ್ಲ ಬೆಚ್ಚಿ ಬೀಳುತ್ತಿದ್ದೆ. ಈಗ ಅದು ಕೂಗದೆ ಇರುವುದಕ್ಕೆ ಬೆಚ್ಚುತ್ತಿದ್ದೆ. ಎದುರಿನ ಜಗಲಿಯಲ್ಲಿ ಪುಟ್ಟೇಗೌಡರು ಎಲೆಯಡಿಕೆ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದರು. ಒಂದು ಮಂಗಳವಾರ ಎದ್ದು ಬಂದು ಬಾಗಿಲಿಗೆ ಕೈಯೂರಿ ನಿಂತರು. "ನೋಡಿ ಆಚಾರ್ರೇ, ಏಳು ದಿಸ ನಡ್ಯೋ ಅಂಗ್ಡಿಗೆ ನಾನು ಕೋಣೆ ಕೊಟ್ಟಿರೋದು. ಆರು ದಿಸ ನಡ್ದು ಒಂದಿಸ ನೊಣ ಒಡ್ಯೋ ಅಂಗ್ಡಿಗಲ್ಲ. ಇನ್ನ ಮೂರು ಮಂಗಳ್ವಾರ ನೋಡ್ತೀನಿ. ಇಂಗೇ ಆದ್ರೆ ನನ್ ಮಿಸನ್ನು ತಂದು ಇಲ್ಲೇ ನಿಲ್ಸ್‌ಬುಡ್ತೀನಿ."

ಪುಟ್ಟೇಗೌಡರು ಮಾತಾಡುವುದು ಕಮ್ಮಿ, ಆಡಿದರೆ ಮುಗಿಯಿತು. ಇಡೀ ಊರಿನ ಅಂಗಡಿ ನನ್ನೊಬ್ಬನಿಂದ ಮುಚ್ಚಿಹೋಗುವುದು, ಜವರಮ್ಮ ಮತ್ತೆ ಬಿಸಿನೀರಿಗೆ ಬೆಲ್ಲ ಹಾಕಿ ಕುಡಿಯುವುದು, ಅದೂ ಆ ಬೆಲ್ಲ ಸಿಕ್ಕರೆ! ನಾನು ಸತ್ತ ಮೇಲೂ ಜನ, "ಅಂಗ್ಡಿ ಮುಚ್ಸುದ್ನಲ್ಲ, ಆ ಆಚಾರಿ ಮನೆ" ಎಂದು ನಮ್ಮ ಬಾಗಿಲು ತೋರಿಸುವುದು, ಎಲ್ಲವೂ ಕಣ್ಣಿಗೆ ಕಟ್ಟಿತು. ಬಿಟ್ಟುಬಿಡೋಣವೆಂದರೆ ಮಂಗಳವಾರಕ್ಕೆ ಬೇರೆ ಗತಿಯಿಲ್ಲ. ಜನ ಯಾಕೆ ಬರುತ್ತಿಲ್ಲ ಎಂದು ನನ್ನಷ್ಟಕ್ಕೆ ಯೋಚಿಸಿದೆ. ನನ್ನ ಮುಖ ಗಂಟು ಹಾಕಿಕೊಂಡಿರಬೇಕು ಎನಿಸಿತು. ಮುಂದಿನ ಮಂಗಳವಾರ ಬೆಳಗ್ಗೆಯಿಂದ ಸಂಜೆಯವರೆಗೆ ನಗುತ್ತಾ ಕೂತೆ. ಉಪ್ಪು ಕೇಳಲು ಬಂದ ಒಬ್ಬಳು ಹೆಂಗಸು ನನ್ನನ್ನು ನೋಡಿ, "ಅಲ್ಲು ನೋವಾ ಆಚಾರ್ರೇ?" ಎಂದು ಕೇಳಿ, ಉಪ್ಪು ತೆಗೆದುಕೊಳ್ಳುವುದನ್ನು ಮರೆತು ಹೋದಳು. ಅಲ್ಲಿಗೆ ಮೂರರಲ್ಲಿ ಒಂದು ಕಳೆಯಿತು.

ಅವತ್ತು ರಾತ್ರಿ ಊಟದ ಹೊತ್ತಿಗೆ ಸರೋಜಳ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವಳು ಮುದ್ದೆ ತಿರುವುತ್ತಾ, ಊರಿಗೆಲ್ಲ ಗೊತ್ತಿದ್ದದ್ದನ್ನು ನನಗೆ ಹೇಳಿದಳು. "ನೀವು ಕೊಸರು ಹಾಕಲ್ಲ ಕಣ್ರೀ."

ಕೊಸರು! ತೂಕವಾದ ಮೇಲೆ ಅಂಗಡಿಯವನು ಮೇಲೆ ಹಾಕುವ ಆ ಒಂದಿಷ್ಟು. ಸೊಪ್ಪಿನವಳು ಎರಡು ಕಡ್ಡಿ ಹಾಕುತ್ತಾಳೆ, ಅವರೆಕಾಯಿಯವನು ಒಂದು ಬೊಗಸೆ ಹಾಕುತ್ತಾನೆ. ನಾನೂ ಸಂತೆಯಲ್ಲಿ ಕೈಯೊಡ್ಡಿ ಕೇಳಿ ತಂದವನೇ. ಆದರೆ ತಕ್ಕಡಿಯ ಈಚೆ ಬದಿಗೆ ಕೂತ ಮೇಲೆ ಅದು ನೆನಪಿಗೇ ಬಂದಿರಲಿಲ್ಲ. ಚಿನ್ನಕ್ಕೆ ಕೊಸರು ಹಾಕಿದ ಅಕ್ಕಸಾಲಿ ಈ ಭೂಮಿಯ ಮೇಲೆ ಇಲ್ಲ. "ಊರಿನ ಸಾಮಾನು, ನನ್ನದಲ್ಲ. ನಾನ್ಯಾರು ಎಚ್ಗೆ ಕೊಡಕ್ಕೆ?" ಎಂದು ವಾದ ಮಾಡಿದೆ. "ಮಿಕ್ಕೋರು ಆರು ಜನ ಕೊಡ್ತಾ ಇಲ್ವಾ? ಊರಂಗ್ಡಿ ಕೊಸರು ಊರೋರ ಒಟ್ಟೆಗೇ ತಾನೆ ಓಗೋದು. ನೀವು ಜವರಮ್ಮನ ಕಡ್ಲೆಬೀಜ ಒಂದ ವಾಪಸ್ ಕಿತ್ಕೊಂಡ್ರಂತೆ. ನೀರ್ ತರೋ ಕಡೆ ಎಲ್ಲಾ ಅದೇ ಮಾತು" ಎಂದಳು ಸರೋಜ. ಕಳ್ಳ ಅನ್ನಿಸಿಕೊಳ್ಳಬಾರದೆಂದು ಅರ್ಧ ಆಯಸ್ಸು ನಡುಗಿದವನು ನಾನು. ಒಂದು ಕಡಲೆಬೀಜಕ್ಕೆ ಅದಕ್ಕಿಂತ ಕೆಟ್ಟ ಹೆಸರು ತಂದುಕೊಂಡಿದ್ದೆ. ನಿಜವಾಗಿ ನಾಚಿಕೆಯಾಯಿತು.

ಕೊಸರು ಹಾಕುವುದೇ ಸರಿ ಎಂದು ತೀರ್ಮಾನಿಸಿದೆ. ಆದರೆ ಎಷ್ಟು? ಒಬ್ಬರಿಗೆ ಹೆಚ್ಚು ಬಿದ್ದು ಇನ್ನೊಬ್ಬರಿಗೆ ಕಮ್ಮಿ ಬಿದ್ದರೆ ಪಕ್ಷಪಾತ ಎನ್ನುವುದಿಲ್ಲವೇ? ಕೈ ನಡುಗಿ ಒಂದು ಬೊಗಸೆಯೇ ಬಿದ್ದರೆ ಊರಿನ ಬೇಳೆ ಏನಾಗಬೇಕು? ಸೋಮವಾರವಿಡೀ ಕೂತು ಇದಕ್ಕೊಂದು ದಾರಿ ಕಂಡುಕೊಂಡೆ. ಆ ದಾರಿ ಕಂಡದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಹಳೆಯ ಮಳಿಗೆಯಿಂದ ತಂದಿದ್ದ, ಒಡವೆ ಕಟ್ಟಿಕೊಡುವ ಗುಲಾಬಿ ಬಣ್ಣದ ತೆಳುಕಾಗದ ಒಂದು ಕಟ್ಟು ಇನ್ನೂ ಉಳಿದಿತ್ತು. ಅಂಗಡಿಯಿಂದ ಬೇಳೆ, ಸಕ್ಕರೆ, ಹುರಿಗಡಲೆ ತಂದು, ನನ್ನ ಚಿನ್ನದ ತಕ್ಕಡಿಯಲ್ಲಿ ಕೊಸರನ್ನು ಸರಿಯಾಗಿ ಐದೈದು ಗ್ರಾಂ ತೂಗಿ, ಮೂಗುಬೊಟ್ಟು ಕಟ್ಟುವಂತೆ ಅಂಚು ಮಡಿಸಿ ಒಳಕ್ಕೆ ಸಿಕ್ಕಿಸಿ ನಲವತ್ತು ಪೊಟ್ಟಣ ಕಟ್ಟಿದೆ. ಸರೋಜ ಬಾಗಿಲಲ್ಲಿ ನಿಂತು ನೋಡಿದಳು, ಹಣೆ ಚಚ್ಚಿಕೊಂಡಳು, ಒಳಗೆ ಹೋದಳು. ಹೆಂಗಸರಿಗೆ ಕೆಲಸದ ಅಚ್ಚುಕಟ್ಟು ತಿಳಿಯುವುದಿಲ್ಲ ಎಂದುಕೊಂಡೆ.

ಎರಡನೆಯ ಮಂಗಳವಾರ ಮೊದಲು ಬಂದವನು ಡೈರಿ ಶಿವಣ್ಣ. ಅರ್ಧ ಕೆ.ಜಿ. ಸಕ್ಕರೆ ತೂಗಿ, ಮೇಲೆ ಒಂದು ಗುಲಾಬಿ ಪೊಟ್ಟಣ ಇಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. "ಯಾವ ದೇವಸ್ಥಾನದ್ದು ಆಚಾರ್ರೇ?" ಎಂದ. ಕೊಸರು ಎಂದೆ. ಅವನು ಪೊಟ್ಟಣವನ್ನೂ ನನ್ನನ್ನೂ ಒಂದು ಗಳಿಗೆ ನೋಡಿ, ಕೆಮ್ಮು ಬಂದವನಂತೆ ಹೊರಗೆ ಓಡಿದ. ಹೊರಗಿನಿಂದ ಕೇಳಿದ್ದು ಕೆಮ್ಮಲ್ಲ. ಆಮೇಲೆ ಬಂದರು ಜವರಮ್ಮ. ಕಾಲು ಕೆ.ಜಿ. ಬೇಳೆ ಕಟ್ಟಿ ಪೊಟ್ಟಣ ಕೊಟ್ಟೆ. ಅವರು ಅಲ್ಲೇ ಬಿಚ್ಚಿ, ಅಂಗೈ ಮೇಲೆ ಸುರಿದುಕೊಂಡು, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಅಯ್ಯೋ ನನ್ನಪ್ಪನೇ, ಕೊಸರ್ನೂ ತೂಗ್ಬುಟ್ಟವ್ನಲ್ಲಪ್ಪಾ ಇವ್ನು!" ಎಂದರು. ಬೇಳೆಯನ್ನು ಕಾಗದದ ಮೇಲೆ ಸುರಿದು, ಕಾಗದವನ್ನು ನನ್ನ ಮುಂದೆ ಇಟ್ಟು, "ಮಡ್ಗಪ್ಪ, ನಿಂಗೇ ಬೇಕಾಯ್ತದೆ" ಎಂದು ಕೋಲೂರಿಕೊಂಡು ಹೊರಟುಹೋದರು. ಆ ದಿನ ಮೂವತ್ತೆಂಟು ಪೊಟ್ಟಣ ಮಿಕ್ಕವು. ಸಂಜೆಗೆ ಊರಂಗಡಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಗುಲಾಬಿ ಪೊಟ್ಟಣದ ಫೋಟೋ ಹಾಕಿದ್ದರು. ಕೆಳಗೆ ನಗುವ ಮುಖಗಳ ಸಾಲು. ನಾನು ಫೋನನ್ನು ಅಕ್ಕಿಡಬ್ಬಿಯೊಳಗೆ ಇಟ್ಟೆ.

ಮೂರನೆಯ ಮಂಗಳವಾರ ಬೆಳಗಾಯಿತು. ನನಗೆ ಜ್ವರ ಬಂದಿದೆ ಎಂದು ಸರೋಜಳಿಗೆ ಹೇಳಿದೆ. ಅವಳು ಹಣೆ ಮುಟ್ಟಿ ನೋಡಿ, ಮೆಣಸಿನ ಕಷಾಯ ಮಾಡಿ ಕೊಟ್ಟು, ಅಂಗಡಿಯ ಬೀಗದಕೈಯನ್ನೂ ಕೈಗಿಟ್ಟಳು. ನಿಧಾನವಾಗಿ ನಡೆದು ಅಂಗಡಿಗೆ ಹೋದೆ. ಬಾಗಿಲು ತೆಗೆದೆ. ಎಂಟಾಯಿತು, ಒಂಬತ್ತಾಯಿತು, ಒಂದು ನರಪಿಳ್ಳೆಯೂ ಬರಲಿಲ್ಲ. ಪುಟ್ಟೇಗೌಡರು ಜಗಲಿಯಿಂದ ಎದ್ದರು. ಕೈಯಲ್ಲಿ ಹಗ್ಗವಿತ್ತು. ಒಳಗೆ ಬಂದು, ನನ್ನ ಮುಖ ನೋಡದೆ, ಗೋಡೆಯಿಂದ ಗೋಡೆಗೆ ಹಗ್ಗ ಹಿಡಿದು ಅಳೆಯತೊಡಗಿದರು. "ಒಸಿ ಆ ಕಡೆ ಜರೀರಿ ಆಚಾರ್ರೇ" ಎಂದರು. ಜರುಗಿದೆ. ನನ್ನ ಬೆನ್ನಿಗೆ ಸಕ್ಕರೆ ಡಬ್ಬಿ ತಾಗಿತು. ಇನ್ನು ಜರುಗಲು ಜಾಗವಿರಲಿಲ್ಲ. ಇಷ್ಟು ವರ್ಷ ಇಲ್ಲದ್ದಕ್ಕೆಲ್ಲ ಹೆದರಿದ್ದೆ. ನಿಜವಾಗಿ ಹೆದರಬೇಕಾದದ್ದು ಬಂದು ಎದುರಿಗೆ ನಿಂತಾಗ ಕಣ್ಣಲ್ಲಿ ನೀರು ಬಂತು ಎಂದು ಹೇಳಿಕೊಳ್ಳಲು ನನಗೀಗ ಸಂಕೋಚವಿಲ್ಲ.

ಆಗ ಹೊರಗೆ ಕೋಲಿನ ಸದ್ದು ಕೇಳಿತು. ಜವರಮ್ಮ. ಮನೆಯಲ್ಲಿ ಬೆಲ್ಲ ಮುಗಿದಿತ್ತಂತೆ, ಬುಧವಾರದವರೆಗೆ ಕಾಯಲು ಆಗಿರಲಿಲ್ಲವಂತೆ. ಹಗ್ಗ ಹಿಡಿದ ಪುಟ್ಟೇಗೌಡರನ್ನು ನೋಡಿದರು, ಡಬ್ಬಿಗೆ ಅಂಟಿಕೊಂಡು ನಿಂತ ನನ್ನನ್ನು ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು.

"ಯಾಕಪ್ಪ ಆಚಾರಿ, ಮೊಕ ಬೆಳ್ಳಗಾಗದೆ?"

"ಎದ್ರಿಕೆ ಕಣವ್ವಾ" ಎಂದೆ. ಬಾಯಿಂದ ನಿಜವೇ ಬಂದುಬಿಟ್ಟಿತು.

"ಯಾರ್ಗೆ ಎದ್ರುತೀಯ? ನನ್ಗಾ?" ಎಂದು ಅಕ್ಕಿಮೂಟೆಯ ಮೇಲೆ ಕೂತರು. "ನನ್ ಮದ್ವೆ ಓಲೆ ಮಾಡ್ದಾಗ ನಿಮ್ಮಪ್ಪ ಉಳ್ದ ಪುಡೀನೂ ಇಂಗೇ ಗುಲಾಬಿ ಕಾಗ್ದದಲ್ಲಿ ಕಟ್ಟಿ ಕೊಟ್ಟಿದ್ದ. ಇಂಥ ಮನ್ಸ ಇಲ್ಲ ಅಂತ ಊರ್ಗೆಲ್ಲಾ ತೋರ್ಸ್ಕೊಂಡ್ ಬಂದಿದ್ದೆ. ಅದು ಚಿನ್ನ ಕಣಪ್ಪ. ಚಿನ್ನ ಎಚ್ಗೆ ಕೊಟ್ರೆ ಅನ್ಮಾನ. ಇದು ಬೇಳೆ. ಬೇಳೆ ಎಚ್ಗೆ ಕೊಡ್ದೆ ಇದ್ರೆ ಅನ್ಮಾನ."

ಪುಟ್ಟೇಗೌಡರು ಅಳೆಯುವುದನ್ನು ಬಿಟ್ಟು ಇತ್ತ ತಿರುಗಿದರು. ಜವರಮ್ಮ ಮುಂದುವರಿಸಿದರು.

"ತಕ್ಕಡಿ ಲೆಕ್ಕ ತಕ್ಕಡಿಗಾಯ್ತು. ಅದ್ರ ಮ್ಯಾಲೆ ನನ್ ಮೊಕ ನೋಡಿ ಒಂದೀಟು ಆಕೋದು ಕೊಸರು. ನೀನು ನನ್ ಮೊಕಾನೇ ನೋಡಾಕಿಲ್ಲ, ಆ ಕೆಂಪ್ ಅಂಕೀನೇ ನೋಡ್ತೀಯ. ಎಲ್ಲಿ, ಅರ್ಧ ಕೆ.ಜಿ. ಬೆಲ್ಲ, ಕಾಲ್ ಕೆ.ಜಿ. ಬೇಳೆ ತೂಗು. ತೂಗುದ್ಯಾ? ಈಗ ಕಣ್ ಮುಚ್ಕೊ. ಮುಚ್ಕೊಳಪ್ಪ, ನಾನೇನ್ ಓಡೋಗಕಿಲ್ಲ. ಡಬ್ಬಿಗೆ ಕೈ ಆಕು."

ಕಣ್ಣು ಮುಚ್ಚಿದೆ. ಬೇಳೆಯ ಡಬ್ಬಿಗೆ ಕೈ ಹಾಕಿದೆ. ಎಷ್ಟು ಬಂತೋ ಏನೋ, ಎತ್ತಿ ಅವರ ಚೀಲಕ್ಕೆ ಸುರಿದೆ. ಕಣ್ಣು ತೆಗೆದಾಗ ಜವರಮ್ಮ ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದರು. ಮೂವತ್ತು ವರ್ಷದಲ್ಲಿ ತಕ್ಕಡಿಯ ಆಚೆ ನಿಂತ ಒಂದು ಮುಖ ನಗುವುದನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. ಅವರು ಬಾಗಿಲಿಗೆ ಹೋಗಿ, ಆ ವಯಸ್ಸಿನಲ್ಲಿ ಆ ಗಂಟಲು ಎಲ್ಲಿತ್ತೋ, ಬೀದಿಗೆಲ್ಲ ಕೇಳುವಂತೆ ಕೂಗಿದರು: "ಬನ್ರವ್ವಾ ಬನ್ನಿ, ಆಚಾರಿ ಕೈ ಬಿಚ್ಚವ್ನೆ!"

ಬಂದರು. ಮೊದಲು ನೋಡಲು ಬಂದರು, ಆಮೇಲೆ ಕೊಳ್ಳಲು ಬಂದರು. ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಬೆಳಕು ಕಾಣದಷ್ಟು ಜನ. ದುಡ್ಡಿನ ಡಬ್ಬಿ ಬಿಡದೆ ಕೂಗಿತು, ನಾನು ಒಂದು ಸಲವೂ ಬೆಚ್ಚಲಿಲ್ಲ, ಬೆಚ್ಚಲು ಪುರಸೊತ್ತಿರಲಿಲ್ಲ. ಗದ್ದಲ ಇಳಿದ ಮೇಲೆ ಪುಟ್ಟೇಗೌಡರು ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು, "ನಂಗೂ ಒಂದ್ನೂರ್ ಗ್ರಾಂ ಉರಿಗಡ್ಲೆ ಕೊಡಿ" ಎಂದರು. ತೂಗಿ ಕೊಟ್ಟೆ. ಹೋಗಲಿಲ್ಲ. ಅಂಗೈ ಚಾಚಿಕೊಂಡು ನಿಂತೇ ಇದ್ದರು. ಕಣ್ಣು ಮುಚ್ಚಿ ಒಂದಿಷ್ಟು ಹಾಕಿದೆ. ಅದನ್ನು ಬಾಯಿಗೆ ಎಸೆದುಕೊಂಡು, "ಮಿಸನ್ನು ಕೊಟ್ಗೇಲೇ ಇರ್ಲಿ ಬುಡಿ" ಎಂದು ಜಗಲಿಗೆ ಹೋದರು.

ಕತೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ಮಧ್ಯಾಹ್ನ ಬಾಗಿಲು ಓರೆ ಮಾಡಿದ ಮೇಲೆ ಎದೆಯಲ್ಲಿ ಹಳೆಯ ಹುಳು ಕೊರೆಯತೊಡಗಿತು. ಇಷ್ಟು ಜನಕ್ಕೆ ಕಣ್ಣು ಮುಚ್ಚಿ ಕೊಟ್ಟೆನಲ್ಲ, ಯಾರಿಗೆ ಎಷ್ಟು ಹೋಯಿತೋ, ಊರಿನ ಬೇಳೆ ಎಷ್ಟು ಕರಗಿತೋ! ಒಂದೇ ಒಂದು ಸಲ ನೋಡಿಬಿಡೋಣವೆಂದು, ಕಣ್ಣು ಮುಚ್ಚಿ, ಡಬ್ಬಿಗೆ ಕೈ ಹಾಕಿ, ಬಂದಷ್ಟನ್ನು ತಕ್ಕಡಿಗೆ ಸುರಿದೆ. ಹದಿನೆಂಟು ಗ್ರಾಂ. ಪರವಾಗಿಲ್ಲ ಎನಿಸಿತು. ಇನ್ನೊಂದು ಸಲ ಹಾಕಿದೆ. ಹದಿನೆಂಟು. ಮುಖ ಗೋಡೆಯ ಕಡೆ ತಿರುಗಿಸಿಕೊಂಡು, ಬೇರೆ ಏನನ್ನೋ ಯೋಚಿಸುತ್ತಾ, ಎಡಗೈಯಲ್ಲಿ ಹಾಕಿದೆ. ಕೆಂಪು ಅಂಕಿ ಒಂದು ಸಲವೂ ಕಣ್ಣು ಹೊಡೆಯದೆ ಹದಿನೆಂಟಕ್ಕೆ ನಿಂತಿತು.

ಈ ಗುಟ್ಟು ಸರೋಜಳಿಗೂ ಗೊತ್ತಿಲ್ಲ. ಈಗ ಮಂಗಳವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಜವರಮ್ಮ ಹೇಳಿಕೊಟ್ಟಂತೆ ಪ್ರತಿಯೊಬ್ಬರ ಮುಖವನ್ನೂ ಚೆನ್ನಾಗಿ ನೋಡಿಯೇ ಕೊಸರು ಹಾಕುತ್ತೇನೆ. ಆಚಾರ್ರಿಗೆ ಈಗೀಗ ಜನವೆಂದರೆ ಎಷ್ಟು ಪ್ರೀತಿ ಎಂದು ಊರವರು ಮಾತಾಡಿಕೊಳ್ಳುತ್ತಾರಂತೆ. ನಾನು ನೋಡುವುದು, ಇವರಿಗೇನಾದರೂ ಗೊತ್ತಾಗಿಬಿಟ್ಟಿದೆಯೋ ಎಂದು.